ಗಾಗಾ ಹಾಡು ಕಾಪಿನಾ, ವೇಷ ಕಾಪಿನಾ, ಕ್ವೀರ್ ಅನ್ನೋದು ನಿಜಾನಾ? ಮುಗಿಯದ ಜಗಳದ ಹಿನ್ನೆಲೆ

ಅಮೆರಿಕದ ಪಾಪ್ ಗಾಯಕಿ ಲೇಡಿ ಗಾಗಾ ಬಗ್ಗೆ ಎಲ್ಲಿ ಮಾತು ಎತ್ತಿದ್ರೂ ಸ್ವಲ್ಪ ಹೊತ್ತಲ್ಲೇ ಮೂರು ಪ್ರಶ್ನೆ ಬಂದು ಕೂತ್ಕೊಳ್ತವೆ. ಹಾಡು ಅವಳದ್ದೇನಾ ಇಲ್ಲ ಅವಳಿಗಿಂತ ಹಿಂದಿನ ಪಾಪ್ ತಾರೆ ಮಡೋನಾದು ಎತ್ತಿದ್ದಾ? ಆ ಡ್ರೆಸ್ಸು, ಮೇಕಪ್ಪು, ಮುಖವಾಡ ಎಲ್ಲಾ ಅವಳ ತಲೇಲಿ ಹುಟ್ಟಿದ್ದಾ ಇಲ್ಲ ಹಳೇ ತಲೆಮಾರಿನ ಗಾಯಕರಾದ ಗ್ರೇಸ್ ಜೋನ್ಸ್, ಡೇವಿಡ್ ಬೋವಿ ಬೀರುವಿಂದ ತಂದಿದ್ದಾ? ಕೊನೇದಾಗಿ, ಅವಳು ನಿಜಕ್ಕೂ ಕ್ವೀರಾ (ಗೇ, ಲೆಸ್ಬಿಯನ್, ಬೈ, ಟ್ರಾನ್ಸ್ ಎಲ್ಲರಿಗೂ ಸೇರಿಸಿ ಹೇಳೋ ಪದ), ಅಥವಾ ಗೇ ಫ್ಯಾನ್ಸ್ ಜಾಸ್ತಿ ಇದಾರೆ ಅಂತ ಹಾಗೆ ಹೇಳ್ಕೊಂಡಿದ್ದಾ? 2009ರಿಂದ ನಡೀತಿರೋ ಈ ಜಗಳ ಎಷ್ಟು ಸಿಕ್ಕಾಗಿದೆ ಅಂದ್ರೆ, 2025ರಲ್ಲಿ ಅವಳ 'ಮೇಹೆಮ್' ಆಲ್ಬಮ್ ಕೇಳಿ ಹೊಸದಾಗಿ ಫ್ಯಾನ್ ಆದೋರಿಗೆ ಯಾರು ಯಾರನ್ನ ಯಾತಕ್ಕೆ ಬೈತಿದಾರೆ ಅಂತಾನೇ ತಿಳಿಯಲ್ಲ.

ಮೂರೂ ಬೇರೆಬೇರೆ ಪ್ರಶ್ನೆ ಅನ್ಸುತ್ತೆ, ಆದ್ರೆ ವಾದ ಮಾಡೋರು ಒಂದಕ್ಕೆ ಇನ್ನೊಂದನ್ನ ಸಾಕ್ಷಿ ಮಾಡ್ಕೊಂಡೇ ಬಂದಿದಾರೆ. ಟ್ಯೂನ್ ಕಾಪಿ ಆದ್ರೆ ವೇಷಾನೂ ಕಾಪಿ, ವೇಷ ಕಾಪಿ ಆದ್ರೆ ಅವಳು ಹೇಳ್ಕೊಳ್ಳೋ ಐಡೆಂಟಿಟಿನೂ ನಾಟಕ, ಅಲ್ಲಿಗೆ ಕೇಸ್ ಕ್ಲೋಸ್.

ಗಾಗಾಗಿಂತ ಹಿಂದಿನ ಕಥೆ ಚಿಕ್ಕದಾಗಿ ಹೇಳಿಬಿಡ್ತೀನಿ. 1972ರಲ್ಲಿ ಬೋವಿ, ಮದುವೆಯಾಗಿ ಮಗು ಇದ್ದಾಗ್ಲೇ, 'ಮೆಲಡಿ ಮೇಕರ್' ಪತ್ರಿಕೆಗೆ ತಾನು ಗೇ ಅಂದ, 1976ರಲ್ಲಿ ಬೈಸೆಕ್ಷುವಲ್ (ಗಂಡು ಹೆಣ್ಣು ಇಬ್ಬರೂ ಇಷ್ಟ ಆಗೋನು) ಅಂದ, 1983ರಲ್ಲಿ ಹಾಗೆ ಹೇಳಿದ್ದೇ ದೊಡ್ಡ ತಪ್ಪು ಅಂದ, ಒಂದಷ್ಟು ಜನ ಗೊಣಗಿದ್ರು, ಆದ್ರೂ ಅವನು ದೊಡ್ಡ ಕಲಾವಿದನಾಗೇ ಉಳಿದ. 1990ರಲ್ಲಿ ಮಡೋನಾ ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೋ ಗೇ ಹುಡುಗರ ಬಾಲ್‌ರೂಮ್ ಡ್ಯಾನ್ಸನ್ನ, ಅಂದ್ರೆ ಅವರ ವೇಷ-ಫ್ಯಾಷನ್ ಸ್ಪರ್ಧೆಗಳಲ್ಲಿ ಹುಟ್ಟಿದ್ದನ್ನ, 'ವೋಗ್' ಹಾಡು ಮಾಡಿ ಪ್ರಪಂಚಕ್ಕೆಲ್ಲ ಹಂಚಿದ್ಳು, ದುಡ್ಡು ಯಾರಿಗೆ ಹೋಯ್ತು ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ. ಗಾಗಾ ಅನ್ನೋ ಹೆಸರು ಬಂದಿದ್ದೇ ಕ್ವೀನ್ ಬ್ಯಾಂಡಿನ 'ರೇಡಿಯೋ ಗಾ ಗಾ' ಇಂದ, ಆ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಅಂದ್ರೆ ನಮ್ಮ ಪಂಚಗನಿಯ ಬೋರ್ಡಿಂಗ್ ಸ್ಕೂಲಲ್ಲಿ ಓದಿದ ಪಾರ್ಸಿ ಹುಡುಗ. ಅಂದ್ರೆ ಬೇರೆಯವರ ಗುರುತನ್ನ ಹೆಸರಲ್ಲೇ ಹೊತ್ಕೊಂಡು ಬಂದೋಳು ಇವಳು, ಮುಚ್ಚಿಟ್ಟಿದ್ದೇನೂ ಇಲ್ಲ.

2008ರಲ್ಲಿ 'ದಿ ಫೇಮ್' ಬಂತು, 2009ರ ಜನವರಿಲಿ 'ಜಸ್ಟ್ ಡ್ಯಾನ್ಸ್' ಅಮೆರಿಕದಲ್ಲಿ ನಂಬರ್ ಒನ್, ಏಪ್ರಿಲಲ್ಲಿ 'ಪೋಕರ್ ಫೇಸ್'. ಪೋಕರ್ ಫೇಸ್ ಯಾವುದರ ಬಗ್ಗೆ ಅಂತ ಕೇಳಿದಾಗ, ಗಂಡಸಿನ ಜೊತೆ ಇರೋವಾಗ ಹೆಂಗಸನ್ನ ನೆನೆಸ್ಕೊಳ್ಳೋದು, ಅದನ್ನ ಮುಖದಲ್ಲಿ ತೋರಿಸ್ದೇ ಇರೋದು ಅಂದ್ಳು. ಬೈಸೆಕ್ಷುವಲ್ ಅನ್ನೋ ವಿಷಯ ಶುರುವಿನಿಂದ್ಲೂ ಬಚ್ಚಿಡಲಿಲ್ಲ. ಅದೇ ವರ್ಷ ಅಕ್ಟೋಬರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಈಕ್ವಾಲಿಟಿ ಮಾರ್ಚಲ್ಲಿ ಭಾಷಣ ಮಾಡಿದ್ಳು. ಇದರ ಮಧ್ಯೆ ಅವಳಿಗೆ ಗಂಡಸಿನ ಅಂಗ ಇದೆ, ಅವಳು ಹೆಣ್ಣೇ ಅಲ್ಲ ಅನ್ನೋ ಗಾಳಿಸುದ್ದಿ ಬೇರೆ ಹಬ್ಬಿತು, ತಿಂಗಳುಗಟ್ಟಲೆ ಅದನ್ನೇ ಅಗೆದ್ರು. 2011ರಲ್ಲಿ ಪತ್ರಕರ್ತ ಆಂಡರ್ಸನ್ ಕೂಪರ್ ಟಿವಿಲಿ ಅದನ್ನೇ ಕೇಳಿದಾಗ, ಇರಬಹುದು, ಇದ್ರೆ ಅಷ್ಟು ಘೋರಾನಾ ಅಂತ ತಿರುಗಿ ಕೇಳಿದ್ಳು. ಇಲ್ಲ ಅಂತ ಪ್ರಮಾಣ ಮಾಡಿ ಕೈ ತೊಳ್ಕೊಂಡಿದ್ರೆ ಟ್ರಾನ್ಸ್ ಮತ್ತು ಇಂಟರ್‌ಸೆಕ್ಸ್ (ಹುಟ್ಟುವಾಗ್ಲೇ ದೇಹ ಪೂರ್ತಿ ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನೋ ಥರ ಇರೋ) ಜನರ ಹೆಸರನ್ನ ಬೈಗುಳ ಮಾಡ್ದಂಗೆ ಆಗ್ತಿತ್ತು. ಆ ಕಾಲಕ್ಕೆ ಅಷ್ಟು ಯೋಚನೆ ಮಾಡಿ ಉತ್ತರ ಕೊಡ್ತಿದ್ದ ಪಾಪ್ ಸ್ಟಾರ್ಸ್ ಕಮ್ಮಿನೇ.

ಇನ್ನು ವೇಷದ ವಿಷಯ. 2010ರ ಸೆಪ್ಟೆಂಬರ್ 12, ಎಂಟಿವಿ ವಿಡಿಯೋ ಮ್ಯೂಸಿಕ್ ಅವಾರ್ಡ್ಸ್. ಗಾಗಾ ಹಸಿ ಮಾಂಸದ ಡ್ರೆಸ್ ಹಾಕ್ಕೊಂಡು ವೇದಿಕೆ ಹತ್ತಿದ್ಳು, ತಲೆ ಮೇಲೂ ಮಾಂಸ, ಚಪ್ಪಲಿಗೂ ಮಾಂಸ ಸುತ್ತಿತ್ತು. ಡಿಸೈನರ್ ಫ್ರಾಂಕ್ ಫರ್ನಾಂಡಿಸ್ ಅದನ್ನ ತನಗೆ ಗೊತ್ತಿದ್ದ ಕಸಾಯಿಯವನ ಹತ್ರ ತಗೊಂಡ ಮಾಂಸದಲ್ಲಿ ಮಾಡಿದ್ದು, ಆಮೇಲೆ ಅದನ್ನ ಕೆಡದಂಗೆ ಒಣಗಿಸಿ ಕ್ಲೀವ್‌ಲ್ಯಾಂಡಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮ್ಯೂಸಿಯಮ್ಮಲ್ಲಿ ಇಟ್ರು. ಅವತ್ತು ರೆಡ್ ಕಾರ್ಪೆಟ್‌ಗೆ ಅವಳ ಜೊತೆ ಬಂದಿದ್ದು ಅಮೆರಿಕ ಸೈನ್ಯದ ಮಾಜಿಗಳು. ಗೇ ಅಂತ ಹೇಳ್ಕೊಂಡ್ರೆ ಸೈನ್ಯದಿಂದ ಕಿತ್ತು ಹಾಕ್ತಿದ್ದ ನಿಯಮ ಒಂದಿತ್ತು, ಅದರಿಂದ ಕೆಲಸ ಕಳ್ಕೊಂಡೋರು ಅವರಲ್ಲಿದ್ರು. ಹಕ್ಕಿಗೆ ಹೋರಾಡ್ದೇ ಇದ್ರೆ ನಮ್ಮ ಬೆಲೆ ಮೂಳೆ ಮೇಲಿನ ಮಾಂಸದಷ್ಟೇ ಅನ್ನೋ ಅರ್ಥದಲ್ಲಿ ಮಾತಾಡಿದ್ಳು. ಎಂಟು ದಿನ ಬಿಟ್ಟು ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡಲ್ಲಿ ಅದೇ ವಿಷಯಕ್ಕೆ ರ್‍ಯಾಲಿಲಿ ನಿಂತು ಭಾಷಣ ಮಾಡಿದ್ಳು. ಆ ನಿಯಮ ರದ್ದು ಮಾಡೋ ಕಾನೂನಿಗೆ ಡಿಸೆಂಬರಲ್ಲಿ ಸಹಿ ಬಿತ್ತು. ಅವಳಿಂದಾನೇ ಆಯ್ತು ಅಂತ ಫ್ಯಾನ್ಸ್ ಹೇಳೋದು ಅತಿ ಆಯ್ತು, ಹತ್ತಾರು ವರ್ಷ ಹೋರಾಡಿದೋರು ಇದ್ರು.

ಆದ್ರೆ ಕಲೆ ಗೊತ್ತಿದ್ದೋರಿಗೆ ಮಾಂಸದ ಡ್ರೆಸ್ ಹೊಸದಾಗಿರ್ಲಿಲ್ಲ. ಕೆನಡಾದ ಕಲಾವಿದೆ ಯಾನಾ ಸ್ಟರ್ಬಾಕ್ 1987ರಲ್ಲೇ ಮಾಂಸದ ತುಂಡು ಹೊಲಿದು ಗೌನ್ ಮಾಡಿದ್ಳು, 1991ರಲ್ಲಿ ಒಟ್ಟಾವಾದಲ್ಲಿ ಅದನ್ನ ಪ್ರದರ್ಶನಕ್ಕಿಟ್ಟಾಗ ಗಲಾಟೇನೇ ಆಗಿತ್ತು. 'ಜಸ್ಟ್ ಡ್ಯಾನ್ಸ್' ವಿಡಿಯೋದಲ್ಲಿ ಕೆನ್ನೆ ಮೇಲಿದ್ದ ಮಿಂಚು ಬೋವಿಯದ್ದು. 'ಬ್ಯಾಡ್ ರೊಮ್ಯಾನ್ಸ್' ವಿಡಿಯೋದ ಆ ವಿಚಿತ್ರ ಎತ್ತರದ ಶೂ ಫ್ಯಾಷನ್ ಡಿಸೈನರ್ ಅಲೆಕ್ಸಾಂಡರ್ ಮೆಕ್‌ಕ್ವೀನದು. ಡ್ರೆಸ್ಸು ಸ್ಟೇಜು ಮಾಡೋ ಹೌಸ್ ಆಫ್ ಗಾಗಾ ಅನ್ನೋ ಟೀಮನ್ನ ಅವಳು ಕಟ್ಟಿದ್ದು ಕಲಾವಿದ ಆಂಡಿ ವಾರ್‌ಹೋಲ್‌ನ 'ಫ್ಯಾಕ್ಟರಿ' ಸ್ಟುಡಿಯೋನ ನೋಡಿ. ಗ್ರೇಸ್ ಜೋನ್ಸ್ ಅಂತೂ 2010ರಲ್ಲಿ ನೇರವಾಗೇ ಹೇಳಿದ್ಳು, ನಾನು ಹಾಕಿದ್ದನ್ನೇ ಇವಳು ಹಾಕ್ತಾಳೆ, ಸಿಟ್ಟು ಬರುತ್ತೆ, ಜೊತೆಗೆ ಕೆಲಸ ಮಾಡೋಕೆ ಕೇಳಿದ್ಳು, ಬೇಡ ಅಂದೆ ಅಂತ. ಗ್ರೇಸ್ ಜೋನ್ಸ್ ಸಿಟ್ಟನ್ನ ಹೊಟ್ಟೆಕಿಚ್ಚು ಅಂತ ತಳ್ಳಿ ಹಾಕೋದು ಸುಲಭ, ಆದ್ರೆ ಎಪ್ಪತ್ತು ಎಂಬತ್ತರ ದಶಕದಲ್ಲಿ ಕಪ್ಪು ಹೆಂಗಸೊಬ್ಬಳು ಅದನ್ನ ಮಾಡಿದಾಗ ಸಿಕ್ಕ ದುಡ್ಡಿಗೂ 2010ರಲ್ಲಿ ಸಿಕ್ಕ ದುಡ್ಡಿಗೂ ಎಷ್ಟು ಅಂತರ ಅಂತ ಒಂದ್ಸಲ ಲೆಕ್ಕ ಹಾಕಿ ನೋಡ್ಬೇಕು.

ಇಷ್ಟೆಲ್ಲ ಇದ್ರೂ ಜಗಳಕ್ಕೆ ನಿಜವಾಗಿ ಬೆಂಕಿ ಬಿದ್ದಿದ್ದು 2011ರ ಫೆಬ್ರವರಿ 11ಕ್ಕೆ, 'ಬಾರ್ನ್ ದಿಸ್ ವೇ' (ಹುಟ್ಟಿದ್ದೇ ಹೀಗೆ) ಹಾಡು ಬಂದ ದಿನ. ಹಾಡು ನೇರವಾಗಿ ಬಿಲ್‌ಬೋರ್ಡ್ ನಂಬರ್ ಒನ್‌ಗೆ ಹೋಯ್ತು, ಆ ಚಾರ್ಟ್ ಇತಿಹಾಸದ 1000ನೇ ನಂಬರ್ ಒನ್ ಅದು. ಗೇ, ಲೆಸ್ಬಿಯನ್, ಬೈ, ಟ್ರಾನ್ಸ್ ಅಂತ ಹೆಸರು ಹಿಡಿದು ಹೇಳಿದ ಹಾಡು ಆ ಜಾಗದಲ್ಲಿ ಕೂತಿತ್ತು, ಮಲೇಷ್ಯಾದಲ್ಲಿ ರೇಡಿಯೋದೋರು ಆ ಸಾಲನ್ನೇ ಕೇಳಿಸದಂಗೆ ಮಾಡಿ ಹಾಕಿದ್ರು. ಆದ್ರೆ ಅವತ್ತೇ ಸಂಜೆ ಹೊತ್ತಿಗೆ ಇಂಟರ್ನೆಟ್ ತುಂಬ ಮಾತಾಡ್ತಿದ್ದಿದ್ದು ಮಡೋನಾದ 1989ರ 'ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್' ಬಗ್ಗೆ. ಎರಡನ್ನೂ ಒಂದರ ಮೇಲೊಂದು ಕೂರಿಸಿದ ವಿಡಿಯೋಗಳು ಬಂದ್ವು, ಕೇಳಿದ್ರೆ ಹೌದು, ಹೋಲುತ್ತೆ, ಕಿವಿ ಇರೋ ಯಾರೂ ಇಲ್ಲ ಅನ್ನೋಕಾಗಲ್ಲ. ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪುಗಳು, ಹೋಗೋ ದಾರಿ ಒಂದೇ, ಹಾಡೋ ಹುರುಪೂ ಹತ್ತಿರಹತ್ತಿರ. ಆದ್ರೆ ಆ ಕಾರ್ಡ್ ದಾರಿ ರಾಕ್, ಡಿಸ್ಕೋದಲ್ಲಿ ಲೆಕ್ಕವಿಲ್ಲದಷ್ಟು ಸಲ ಬಂದು ಹೋಗಿರೋದು, ಅದರ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ, ಮಡೋನಾ ಕೋರ್ಟಿಗೂ ಹೋಗಲಿಲ್ಲ. ಇನ್ನೂ ಹಿಂದೆ ಹೋದ್ರೆ 'ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್'ನ್ನೇ ಸ್ಟೇಪಲ್ ಸಿಂಗರ್ಸ್ 1971ರ 'ರೆಸ್ಪೆಕ್ಟ್ ಯುವರ್‌ಸೆಲ್ಫ್'ಗೆ ಹೋಲಿಸಿದೋರು ಇದಾರೆ, ಅದರ ವಿಡಿಯೋ ಪೂರ್ತಿ 1927ರ ಜರ್ಮನ್ ಸಿನಿಮಾ 'ಮೆಟ್ರೊಪೊಲಿಸ್' ನೆರಳಲ್ಲಿದೆ.

ಗಾಗಾ ಟಿವಿ ಶೋ ಒಂದರಲ್ಲಿ, ಮಡೋನಾ ಕಡೆಯೋರಿಂದ ಪ್ರೀತಿ ಬೆಂಬಲದ ಇಮೇಲ್ ಬಂದಿದೆ ಅಂದ್ಳು, ಮಡೋನಾ ಕಡೆಯೋರು ಅಂಥ ಇಮೇಲ್ ನಮಗೆ ಗೊತ್ತಿಲ್ಲ ಅಂದ್ರು. ಅಲ್ಲಿಗೆ ಎರಡು ಕಡೆ ಫ್ಯಾನ್ಸಿಗೂ ಹಬ್ಬ. 2012ರ ಜನವರಿಲಿ ಮಡೋನಾ ಟಿವಿಲಿ ಆ ಹಾಡಿನ ಬಗ್ಗೆ 'ರಿಡಕ್ಟಿವ್' (ಇದ್ದಿದ್ದನ್ನೇ ಸಣ್ಣದು ಮಾಡಿದ್ದು ಅನ್ನೋ ಥರದ ಚುಚ್ಚು) ಅನ್ನೋ ಒಂದು ಮಾತು ಬಿಟ್ಳು, ಅರ್ಥ ಬೇಕಾದ್ರೆ ಡಿಕ್ಷನರಿ ನೋಡಿ ಅಂದು ಟೀ ಕುಡಿದ್ಳು, ಆ ಕ್ಲಿಪ್ ಇವತ್ತಿಗೂ ಓಡಾಡ್ತಿದೆ. ಅದೇ ವರ್ಷದ ಟೂರಲ್ಲಿ ತನ್ನ ಹಾಡಿನ ಮಧ್ಯೆ ಗಾಗಾ ಹಾಡಿನ ಸಾಲು ಸೇರಿಸಿ, ಹಿಂದೆನೇ 'ಶೀ ಈಸ್ ನಾಟ್ ಮಿ' ಹಾಡಿದ್ಳು. 2009ರಲ್ಲಿ ಇವರಿಬ್ಬರೂ 'ಸ್ಯಾಟರ್ಡೇ ನೈಟ್ ಲೈವ್' ಕಾಮಿಡಿ ಶೋನಲ್ಲಿ ಜುಟ್ಟು ಹಿಡ್ಕೊಂಡು ಜಗಳ ಆಡೋ ನಾಟಕ ಆಡಿದ್ರು. ಎರಡೇ ವರ್ಷಕ್ಕೆ ಫ್ಯಾನ್ಸ್ ಅದನ್ನ ನಿಜ ಮಾಡ್ಬಿಟ್ರು.

ಈ ಗದ್ದಲದಲ್ಲಿ ಕೆಳಗೆ ಬಿದ್ದೋಗಿದ್ದ ಒಂದು ಹೆಸರು ಕಾರ್ಲ್ ಬೀನ್. 1977ರಲ್ಲಿ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯಿಂದ 'ಐ ವಾಸ್ ಬಾರ್ನ್ ದಿಸ್ ವೇ' ಅಂತ ಡಿಸ್ಕೋ ಹಾಡು ಹಾಡಿದ, ತಾನು ಗೇ ಅಂತ ಬಿಚ್ಚಿ ಹೇಳಿದ ಕಪ್ಪು ಗಾಯಕ. ಆಮೇಲೆ ಲಾಸ್ ಏಂಜಲೀಸಲ್ಲಿ ಏಡ್ಸ್ ಬಂದ ಕಪ್ಪು, ಲ್ಯಾಟಿನೋ ಜನರಿಗೆ ಅಂತ ಸಂಸ್ಥೆ ಕಟ್ಟಿದ, ಚರ್ಚ್ ಕಟ್ಟಿ ಆರ್ಚ್‌ಬಿಷಪ್ ಆದ. ಅವನಿಗಿಂತ ಎರಡು ವರ್ಷ ಮುಂಚೆ, 1975ರಲ್ಲಿ, ವ್ಯಾಲೆಂಟಿನೋ ಅನ್ನೋ ಗಾಯಕ ಅದೇ ಹಾಡು ಹಾಡಿದ್ದ. ಸಾಹಿತ್ಯ ಬರೆದಿದ್ದು ಬನ್ನಿ ಜೋನ್ಸ್, ಹಾರ್ಲೆಮ್‌ನಲ್ಲಿ ಬ್ಯೂಟಿ ಸಲೂನ್ ನಡೆಸ್ತಿದ್ದ ಕಪ್ಪು ಹೆಂಗಸು. ಗೇ ಅಲ್ಲ ಆಕೆ, ತನ್ನ ಅಂಗಡೀಲಿ ಕೆಲಸಕ್ಕಿದ್ದ ಗೇ ಹುಡುಗರ ಪಾಡು ನೋಡಿ ಬರೆದಿದ್ದು. ಯಾರಿಗೆ ಯಾವ ಹಾಡು ಬರೆಯೋ ಹಕ್ಕಿದೆ ಅಂತ ಕೂಗಾಡೋ ಎರಡು ಕಡೆಯೋರಿಗೂ ಈ ವಿಷಯ ನುಂಗೋದು ಕಷ್ಟ. ಬೀನ್ ಹಾಡಿಂದ ಸ್ಫೂರ್ತಿ ಬಂತು ಅಂತ ಗಾಗಾ ಜೋರಾಗಿ, ಎಲ್ಲರ ಮುಂದೆ ಹೇಳಿದ್ದು 2021ರ ಮೇ ತಿಂಗಳಲ್ಲಿ, 'ಬಾರ್ನ್ ದಿಸ್ ವೇ' ಆಲ್ಬಮ್ಮಿಗೆ ಹತ್ತು ವರ್ಷ ಆದಾಗ. ಅದೇ ವರ್ಷ ಬೀನ್ ತೀರ್ಕೊಂಡ. 2011ರಲ್ಲೇ ಈ ಹೆಸರು ಎಲ್ಲರ ಬಾಯಲ್ಲಿದ್ದಿದ್ರೆ ಮಡೋನಾ ಜಗಳ ಅರ್ಧಕ್ಕರ್ಧ ಕಮ್ಮಿ ಆಗ್ತಿತ್ತು ಅನ್ಸುತ್ತೆ.

ಅದೇ 2011ರ ಆಗಸ್ಟಲ್ಲಿ ಇನ್ನೊಂದು ಘಟನೆ, ನನ್ನ ಪ್ರಕಾರ ಇಡೀ ಚರ್ಚೆಗೆ ಇದೇ ಕೀಲಿಕೈ. ಎಂಟಿವಿ ಅವಾರ್ಡ್ಸ್‌ಗೆ ಗಾಗಾ ಬರ್ಲೇ ಇಲ್ಲ, ಜೋ ಕ್ಯಾಲ್ಡರೋನ್ ಬಂದ, ಅಂದ್ರೆ ಗಂಡು ವೇಷ ಹಾಕಿದ ಗಾಗಾನೇ. ಕಪ್ಪು ಸೂಟು, ಬಿಳಿ ಟೀ ಶರ್ಟು, ಎತ್ತಿ ಬಾಚಿದ ಕಪ್ಪು ಕೂದಲು, ಬೆರಳಲ್ಲಿ ಸಿಗರೇಟು. ಗಾಗಾ ನನ್ನನ್ನ ಬಿಟ್ಟು ಹೋದ್ಳು, ಹಾಸಿಗೇಲೂ ಮುಖ ತೋರಿಸಲ್ಲ ಅಂತ ಗೋಳಾಡಿ, ಪಿಯಾನೋ ಮುಂದೆ ಕೂತು ಹಾಡಿದ, ಗಿಟಾರಿಗೆ ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗ ಜಸ್ಟಿನ್ ಬೀಬರ್ ಮುಖ ನೋಡ್ಬೇಕಿತ್ತು. ರಾತ್ರಿಯಿಡೀ ಪಾತ್ರ ಬಿಡಲಿಲ್ಲ, ಬೆಸ್ಟ್ ಫೀಮೇಲ್ ವಿಡಿಯೋ ಪ್ರಶಸ್ತಿನೂ ಜೋ ಆಗೇ ತಗೊಂಡ್ಳು. ಬ್ರಿಟ್ನಿ ಸ್ಪಿಯರ್ಸ್‌ಗೆ ಪ್ರಶಸ್ತಿ ಕೊಡ್ತಾ ಮುತ್ತು ಕೊಡೋಕೆ ಬಗ್ಗಿದಾಗ ಬ್ರಿಟ್ನಿ, ಅದನ್ನ ಆಗಲೇ ಮಾಡಾಯ್ತು ಅಂತ ತಪ್ಪಿಸ್ಕೊಂಡ್ಳು, 2003ರಲ್ಲಿ ಇದೇ ಅವಾರ್ಡ್ಸಲ್ಲಿ ಮಡೋನಾ ಕೊಟ್ಟ ಮುತ್ತಿನ ನೆನಪು. ಡ್ರ್ಯಾಗ್ ಕಿಂಗ್ ಕಲೆ, ಅಂದ್ರೆ ಹೆಂಗಸರು ಗಂಡು ವೇಷ ಹಾಕಿ ಆಡೋದು, ಮೊದಲೇ ಇತ್ತು, ಆ ಅರ್ಥದಲ್ಲಿ ಒರಿಜಿನಲ್ ಅಲ್ಲ. ಆದ್ರೆ ಅಷ್ಟು ದೊಡ್ಡ ಸ್ಟಾರ್, ಕೋಟ್ಯಂತರ ಜನರ ಮುಂದೆ, ಚೆಂದ ಕಾಣೋ ಅವಕಾಶಾನ ಪೂರ್ತಿ ಬಿಟ್ಟು ಸಿಡುಕು ಮೋರೆ ಗಂಡಸಾಗಿ ರಾತ್ರಿ ಕಳೆದಿದ್ದು? ಅಷ್ಟಾದ್ರೂ ಮಾರನೇ ದಿನ ನಡೆದ ಚರ್ಚೆ ಅದೇ, ಇದು ಯಾರ ಕಾಪಿ, ಇವಳು ನಿಜಕ್ಕೂ ಬೈನಾ ಅಂತ.

ಕ್ವೀರ್ ಜನರ ಒಳಗಿಂದ ಬಂದ ತಕರಾರು ಬೇರೆ ಥರದ್ದು, ಗಟ್ಟಿನೂ ಹೌದು. ಹುಟ್ಟಿನಿಂದ ಹೀಗೆ ಅನ್ನೋ ವಾದದ ಮೇಲೆ ಹಕ್ಕು ಕೇಳಿದ್ರೆ, ನಾಳೆ ಹುಟ್ಟಿನಿಂದಲ್ಲ ಅಂತ ಯಾರೋ ವಿಜ್ಞಾನಿ ಹೇಳಿದ್ರೆ ಹಕ್ಕು ಹೋಗುತ್ತಾ? ಆಯ್ಕೆ ಮಾಡ್ಕೊಂಡೋನಿಗೂ ಹಕ್ಕು ಇರ್ಬೇಕಲ್ವಾ? ಏಷ್ಯಾ ಮತ್ತು ಲ್ಯಾಟಿನೋ ಜನರ ಬಗ್ಗೆ ಹಾಡಲ್ಲಿ ಬಳಸಿದ ಒಂದೆರಡು ಪದಕ್ಕೂ ಆಕ್ಷೇಪ ಬಂತು. ಇದೆಲ್ಲ ಸರಿನೇ, ಆದ್ರೆ ನಮ್ಮ ಕಡೆಯಿಂದ ನೋಡಿದ್ರೆ ಸ್ವಲ್ಪ ಬೇರೆ ಕಾಣುತ್ತೆ. ಹಾಡು ಬಂದಾಗ ದೆಹಲಿ ಹೈಕೋರ್ಟಿನ 2009ರ ತೀರ್ಪಿಂದಾಗಿ, ಸಲಿಂಗ ಸಂಬಂಧವನ್ನ ಅಪರಾಧ ಅಂತಿದ್ದ ಸೆಕ್ಷನ್ 377 ಸಡಿಲವಾಗಿತ್ತು, 2013ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಮತ್ತೆ ತಂದು ಕೂರಿಸ್ತು, ಒಪ್ಪಿಗೆಯ ಸಂಬಂಧದ ಮಟ್ಟಿಗೆ ಕೊನೆಗೆ ಹೋಗಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಬೆಂಗಳೂರಲ್ಲಿ ಪ್ರೈಡ್ ಮೆರವಣಿಗೆ ಶುರುವಾಗಿದ್ದೇ 2008ರಲ್ಲಿ. ಆ ಮಧ್ಯದ ವರ್ಷಗಳಲ್ಲಿ ಮನೇಲಿ ಅಮ್ಮನ ಮುಂದೆ ಕೂತು ಹೇಳ್ಬೇಕಾದ ಹುಡುಗನಿಗೆ ಥಿಯರಿ ಕೆಲಸಕ್ಕೆ ಬರಲ್ಲ, 'ಇದು ರೋಗ ಅಲ್ಲಮ್ಮ, ಹುಟ್ಟಿದ್ದೇ ಹೀಗೆ' ಅನ್ನೋ ಒಂದು ಸಾಲು ಬರುತ್ತೆ. ಸಲೀಂ-ಸುಲೇಮಾನ್ ಮಾಡಿದ ಬಾಲಿವುಡ್ ರೀಮಿಕ್ಸ್ ಕೂಡ ಬಂದಿತ್ತು ಆಗ, ಅದರ ಬಗ್ಗೆ ಜಾಸ್ತಿ ಮಾತಾಡ್ದೇ ಇರೋದೇ ವಾಸಿ. 2011ರ ಅಕ್ಟೋಬರ್ 30ಕ್ಕೆ ಗಾಗಾ ಇಂಡಿಯಾಗೂ ಬಂದ್ಳು, ದೆಹಲಿ ಹತ್ರ ನಡೆದ ಫಾರ್ಮುಲಾ ಒನ್ ರೇಸಿನ ಪಾರ್ಟಿಗೆ, ಸಾಮಾನ್ಯರಿಗೆ ಸಿಗೋ ಶೋ ಅಲ್ಲ ಅದು. ಅವತ್ತೇ ಸಂಜೆ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡಿನೋರು ನುಡಿಸ್ತಿದ್ರು, ಹಾಗಾಗಿ ಊರಲ್ಲಿ ಅವಳ ಬಗ್ಗೆ ಕೇಳೋರು ಯಾರೂ ಇರ್ಲಿಲ್ಲ.

ಮುಂದಿನದು ಬೇಗ ಹೇಳ್ಬಹುದು. 2013ರ 'ಆರ್ಟ್‌ಪಾಪ್' ಎಡವಿತು, ಆಮೇಲೆ ಜಾಝ್, ಸಿನಿಮಾ, ಆಸ್ಕರ್. 2019ರ ಆಸ್ಕರ್ ರಾತ್ರಿ ಮಡೋನಾ ಪಾರ್ಟಿಲಿ ಇಬ್ಬರೂ ತಬ್ಬಿಕೊಂಡ ಫೋಟೋ ಬಂತು, ಅವರಿಬ್ಬರ ಮಟ್ಟಿಗೆ ಅಲ್ಲಿಗೆ ಮುಗೀತು, ಫ್ಯಾನ್ಸ್ ಮಟ್ಟಿಗೆ ಇಲ್ಲ. ಅದೇ ವರ್ಷ ಜೂನಲ್ಲಿ, ಸ್ಟೋನ್‌ವಾಲ್ ದಂಗೆಗೆ (ನ್ಯೂಯಾರ್ಕಿನ ಗೇ ಬಾರಿಗೆ ಪೊಲೀಸರು ನುಗ್ಗಿದಾಗ ಜನ ತಿರುಗಿಬಿದ್ದಿದ್ದು) ಐವತ್ತು ವರ್ಷ ತುಂಬಿದಾಗ, ಆ ಬಾರ್ ಮುಂದೆ ನಿಂತು, ನನಗೂ ಹುಡುಗೀರು ಇಷ್ಟ ಆಗ್ತಾರೆ, ಆದ್ರೂ ಕೆಲವರ ಕಣ್ಣಲ್ಲಿ ನಾನು ಈ ಸಮುದಾಯದವಳಲ್ಲದೇ ಇರಬಹುದು ಅನ್ನೋ ಅರ್ಥದ ಮಾತಾಡಿದ್ಳು. ಹತ್ತು ವರ್ಷ ಅದೇ ಮಾತು ಹೇಳ್ತಾ ಬಂದೋಳು ಹೀಗೆ ಅರ್ಜಿ ಹಾಕೋ ದನಿಯಲ್ಲಿ ಮಾತಾಡ್ಬೇಕಾಗಿ ಬಂದಿದ್ದು ಯಾಕೆ ಅಂತ ಯಾರೂ ಕೇಳಲ್ಲ. ಈಗ ಗಂಡಸೊಬ್ಬನ ಜೊತೆ ನಿಶ್ಚಿತಾರ್ಥ ಆಗಿರೋದ್ರಿಂದ, ನೋಡಿ ನಾವು ಹೇಳಿರ್ಲಿಲ್ವಾ ಅನ್ನೋರು ಮತ್ತೆ ಎದ್ದಿದಾರೆ, ಬೈ ಅಂದ್ರೆ ಗಂಡಸೂ ಆಗಬಹುದು ಅನ್ನೋದು ಅಷ್ಟು ಕಷ್ಟದ ಲೆಕ್ಕಾನಾ?

ಒರಿಜಿನಾಲಿಟಿ ಪ್ರಶ್ನೆ ಮಾತ್ರ ಸ್ವಲ್ಪ ಬದಲಾಗಿದೆ. 2025ರ 'ಅಬ್ರಕಡಬ್ರಾ'ದಲ್ಲಿ ಸೂಜಿ ಅಂಡ್ ದಿ ಬ್ಯಾನ್‌ಶೀಸ್ ಬ್ಯಾಂಡಿನ 'ಸ್ಪೆಲ್‌ಬೌಂಡ್' ಹಾಡಿನ ತುಂಡಿದೆ, ಬರೆದವರ ಹೆಸರೆಲ್ಲ ಕ್ರೆಡಿಟ್ಸಲ್ಲೇ ಇದೆ. ಈಗ ಇಂಡಸ್ಟ್ರಿಲಿ ಇದೇ ರೂಢಿ, ಹೋಲಿಕೆ ಇದ್ರೆ ಮೊದಲೇ ಹೆಸರು ಹಾಕಿಬಿಡ್ತಾರೆ. ಹಾಗಾಗಿ ಕಾಪಿ ಅಂತ ಕಂಡುಹಿಡಿಯೋ ಮಜಾ ಫ್ಯಾನ್ಸಿಗೆ ಉಳಿದಿಲ್ಲ, ಜಗಳ ಬೇರೆ ಕಡೆ ಹೋಗಿದೆ. ಅಮೆರಿಕದ ಮಿಸ್ಸೂರಿಯಿಂದ ಬಂದ ಗಾಯಕಿ ಚಾಪೆಲ್ ರೋನ್, 2025ರಲ್ಲಿ ಗ್ರ್ಯಾಮಿಯ ಬೆಸ್ಟ್ ನ್ಯೂ ಆರ್ಟಿಸ್ಟ್ ಗೆದ್ದೋಳು, ತಾನು ಲೆಸ್ಬಿಯನ್ ಅಂತಾಳೆ, ಹೆಣ್ಣು ವೇಷ ಹಾಕಿ ಆಡೋ ಡ್ರ್ಯಾಗ್ ಕ್ವೀನ್‌ಗಳಿಂದ ಕಲಿತಿದ್ದು ಅಂತ ಹೆಸರು ಸಮೇತ ಹೇಳ್ತಾಳೆ. ಮುಖಕ್ಕೆ ಬಿಳಿ ಬಣ್ಣ, ತಲೆ ಮೇಲೆ ಗೋಪುರದಂಥ ವಿಗ್ಗು. ಇದನ್ನೆಲ್ಲ ಗಾಗಾ 2009ರಲ್ಲೇ ಮಾಡಿದ್ಳು, ಇವಳು ಕಾಪಿ ಅಂತ ಬರೀತಿರೋ ಅಕೌಂಟ್‌ಗಳ ಹಳೇ ಪೋಸ್ಟ್ ತೆಗೆದು ನೋಡಿದ್ರೆ, ಕಲೆಯಲ್ಲಿ ಯಾವುದೂ ಒರಿಜಿನಲ್ ಅಲ್ಲ, ಮಡೋನಾ ಫ್ಯಾನ್ಸಿಗೆ ಹೊಟ್ಟೆಕಿಚ್ಚು ಅಂತ ಬರ್ಕೊಂಡಿರೋರು ಅವರಲ್ಲೇ ಸಿಗ್ತಾರೆ.