ರೂಯಿ ಅಂದರೆ ಚೀನಾದ ರಾಜದಂಡವೇ?

ಪ್ರಶ್ನೆ: ಚೀನಾದ ಜೇಡ್ ಕಲ್ಲಿನ ‘ರೂಯಿ’ ಫೋಟೊಗಳ ಕೆಳಗೆ ‘ರಾಜದಂಡ’ ಎಂದು ಬರೆದಿರುತ್ತಾರೆ. ಚಕ್ರವರ್ತಿಗಳು ಇದನ್ನು ಹಿಡಿದು ರಾಜ್ಯ ಆಳುತ್ತಿದ್ದರಾ?

ಉತ್ತರ: ಇಲ್ಲ. ಚೀನಾದಲ್ಲಿ ಅಧಿಕಾರದ ಗುರುತು ಅಂದರೆ ಚಕ್ರವರ್ತಿಯ ಮುದ್ರೆ. ರೂಯಿ ಬೇರೆಯೇ ವಸ್ತು. ಅದು ‘ನೀವು ಬಯಸಿದಂತೆ ಆಗಲಿ’ ಎಂದು ಹಾರೈಸಿ ಕೊಡುವ ಉಡುಗೊರೆ. ಯುರೋಪಿನವರು ಅದರ ಉದ್ದನೆಯ ಆಕಾರ ನೋಡಿ ರಾಜದಂಡ ಅಂದರು. ಆ ಹೆಸರೇ ಉಳಿದುಬಿಟ್ಟಿತು.

ಬೆನ್ನು ಕೆರೆದುಕೊಳ್ಳುವ ಕೋಲಿನಿಂದ ಇದು ಹುಟ್ಟಿತು ಎನ್ನುತ್ತಾರೆ. ಆಮೇಲೆ ಬೌದ್ಧ ಭಿಕ್ಷುಗಳು ಉಪದೇಶ ಮಾಡುವಾಗ ಕೈಯಲ್ಲಿ ಹಿಡಿಯತೊಡಗಿದರು. ಬೌದ್ಧರ ಜ್ಞಾನದ ಬೋಧಿಸತ್ವ ಮಂಜುಶ್ರೀಯ ಹಳೆಯ ಚಿತ್ರಗಳಲ್ಲೂ ರೂಯಿ ಕಾಣುತ್ತದೆ. ಆದರೆ ನೀವು ನೋಡಿರುವ ರತ್ನಖಚಿತ ರೂಯಿಗಳು ಹೆಚ್ಚಾಗಿ ಚೀನಾದ ಕೊನೆಯ ರಾಜವಂಶವಾದ ಚಿಂಗ್ ವಂಶದ (1644–1912) ಕಾಲದವು.

ಅವುಗಳ ಕೆಲಸ ನೋಡಬೇಕು! ಒಂದು ಬಗೆಯಲ್ಲಿ ಹಿಡಿ ಮರದ್ದು, ಹಾವಿನಂತೆ ಮೆಲ್ಲಗೆ ಬಾಗಿರುತ್ತದೆ. ತಲೆ ಮೋಡದ ಅಥವಾ ಅಣಬೆಯ ಆಕಾರದ್ದು. ತಲೆ, ನಡು, ಬಾಲ, ಮೂರೂ ಕಡೆ ಜೇಡ್ ಬಿಲ್ಲೆ ಕೂರಿಸಿ, ತುದಿಗೆ ರೇಷ್ಮೆ ಕುಚ್ಚು ಕಟ್ಟುತ್ತಾರೆ. ಬಿಲ್ಲೆಯ ಮೇಲೆ ಬಾವಲಿ ಇದ್ದರೆ ಅದೃಷ್ಟ, ಪೀಚ್ ಹಣ್ಣಿದ್ದರೆ ದೀರ್ಘಾಯುಷ್ಯ. ಹವಳ, ವೈಡೂರ್ಯದಂಥ ಬಣ್ಣದ ಕಲ್ಲುಗಳನ್ನು ಕೂರಿಸಿದ ರೂಯಿಗಳೂ ಇವೆ. ಪೂರ್ತಿ ಒಂದೇ ಜೇಡ್ ತುಂಡಿನಲ್ಲಿ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಜೇಡ್ ಉಳಿಯೇಟಿಗೆ ಬಗ್ಗುವ ಕಲ್ಲಲ್ಲ. ಗಟ್ಟಿ ಮರಳಿನ ಪುಡಿಗೆ ನೀರು ಬೆರೆಸಿ, ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು, ಇಷ್ಟಿಷ್ಟೇ ಸವೆಸಬೇಕು. ಅಷ್ಟು ಉದ್ದದ, ಬಿರುಕಿಲ್ಲದ ತುಂಡು ಸಿಗುವುದೇ ಕಷ್ಟ. ಉಳಿದ ಭಾಗವೆಲ್ಲ ಪುಡಿಯಾಗಿ ಹೋಗುತ್ತದೆ. 1759ರಲ್ಲಿ ಪಶ್ಚಿಮದ ಶಿನ್‌ಜಿಯಾಂಗ್ ಪ್ರಾಂತ ಚಿಂಗ್ ಅರಸರ ಕೈಗೆ ಬಂದ ಮೇಲೆ ಅಲ್ಲಿನ ಖೋತಾನ್ ಊರಿನ ಜೇಡ್ ಅರಮನೆಗೆ ಜಾಸ್ತಿ ಬರತೊಡಗಿತು.

ಹುಟ್ಟುಹಬ್ಬ, ಮದುವೆ, ಹೊಸ ವರ್ಷ, ಯಾವುದಕ್ಕಾದರೂ ರೂಯಿ ಕೊಡುತ್ತಿದ್ದರು. 1770ರಲ್ಲಿ ಚಿಂಗ್ ವಂಶದ ಚಿಯಾನ್‌ಲಾಂಗ್ ಚಕ್ರವರ್ತಿಯ 60ನೇ ಹುಟ್ಟುಹಬ್ಬಕ್ಕೆ ಆಸ್ಥಾನದವರು ಚಿನ್ನದ ತಂತಿಯಲ್ಲಿ ಹೆಣೆದ 60 ರೂಯಿಗಳನ್ನು ಅರ್ಪಿಸಿದರು. ರಾಜದಂಡ ಆಗಿದ್ದರೆ ಅಧಿಕಾರಿಗಳು ಹೀಗೆ ಡಜನ್‌ಗಟ್ಟಲೆ ಮಾಡಿಸಿ ಕೊಡುತ್ತಿದ್ದರೇ?

ಇನ್ನೂ ಒಳ್ಳೆಯ ಸಾಕ್ಷಿ 1793ರದು. ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಆಗ ಚಿಯಾನ್‌ಲಾಂಗ್‌ನನ್ನು ಕಾಣಲು ಹೋದ. ಚಕ್ರವರ್ತಿ ಮೂರನೇ ಜಾರ್ಜ್ ದೊರೆಗೆಂದು ಒಂದು ಬಿಳಿಛಾಯೆಯ ರೂಯಿ ಕೊಟ್ಟ. ಚೀನೀಯರಿಗೆ ಇದು ಬಲು ಅಮೂಲ್ಯ, ನನಗೇನೋ ಅಷ್ಟು ಬೆಲೆಯದ್ದು ಅನ್ನಿಸಲಿಲ್ಲ ಎಂಬರ್ಥದಲ್ಲಿ ಮೆಕಾರ್ಟ್ನಿ ತನ್ನ ದಿನಚರಿಯಲ್ಲಿ ಬರೆದುಕೊಂಡ. ಕಲ್ಲನ್ನು ನೋಡಿದ, ಹಾರೈಕೆಯನ್ನು ನೋಡಲಿಲ್ಲ. ಅದೇ ಭೇಟಿಯಲ್ಲಿ ಹಸಿರು ಕಲ್ಲಿನ ಇನ್ನೊಂದು ರೂಯಿ ಅವನಿಗೇ ಸಿಕ್ಕಿತು. ಅವನ ಸಹಾಯಕ ಸ್ಟಾಂಟನ್‌ಗೂ ಅಂಥದ್ದೇ ಒಂದು.