ಪದ ಪರಿಚಯ: ಅಂಚೆ ಮತ

ಮತ ಎಣಿಕೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳುವುದು ಅಂಚೆ ಮತಗಳನ್ನು. ಮತಯಂತ್ರಗಳ ಸರದಿ ಬರುವುದು ಅರ್ಧ ಗಂಟೆ ಕಳೆದ ಮೇಲೆ. ಮತಗಟ್ಟೆಗೆ ಬರಲಾಗದವರಿಗೆ ಕಾಗದದ ಮತಪತ್ರ ಕೊಟ್ಟು, ಗುರುತು ಹಾಕಿಸಿ, ಲಕೋಟೆಯಲ್ಲಿ ಹಿಂದಕ್ಕೆ ಪಡೆಯುವ ಏರ್ಪಾಡು ಇದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಎಲ್ಲ ಮತದಾರರ ಮನೆಗೂ ಮತಪತ್ರ ಅಂಚೆಯಲ್ಲೇ ಬರುತ್ತದೆ. ನಮ್ಮಲ್ಲಿ ಅದು ಸೇನೆಯವರು, ಚುನಾವಣಾ ಕರ್ತವ್ಯದ ಸಿಬ್ಬಂದಿ, ಮುನ್ನೆಚ್ಚರಿಕೆ ಬಂಧನದಲ್ಲಿರುವವರು, 85 ತುಂಬಿದ ಹಿರಿಯರು, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರು ಮುಂತಾದ ಕೆಲವರಿಗೆ ಮಾತ್ರ.

ಅಧಿಕಾರಿಯ ಕಣ್ಣೆದುರು ಹಾಕದ ಮತವನ್ನು ನಂಬುವುದು ಹೇಗೆ? 1961ರ ಚುನಾವಣಾ ನಡವಳಿಕೆ ನಿಯಮಗಳು ಇದಕ್ಕೆ ಎರಡು ಲಕೋಟೆಗಳ ಉಪಾಯ ಮಾಡಿವೆ. ಮತಪತ್ರ ಒಳಗಿನ ಚಿಕ್ಕ ಲಕೋಟೆಯಲ್ಲಿ. ಆ ಲಕೋಟೆ ಮತ್ತು ಮತದಾರ ಸಹಿ ಮಾಡಿದ ಘೋಷಣಾ ಪತ್ರ (ನಮೂನೆ 13ಎ) ಎರಡೂ ಹೊರಗಿನ ದೊಡ್ಡ ಲಕೋಟೆಯಲ್ಲಿ. ಎಣಿಕೆಯ ಮೇಜಿನ ಮೇಲೆ ಮೊದಲು ಒಡೆಯುವುದು ದೊಡ್ಡದನ್ನು. ಘೋಷಣೆಗೆ ಸಹಿ ಇದೆಯೇ, ಅಧಿಕಾರಿಯ ದೃಢೀಕರಣ ಇದೆಯೇ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆಯೂ ಚಿಕ್ಕ ಲಕೋಟೆಯ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡುತ್ತಾರೆ. ಸರಿಯಿರುವ ಘೋಷಣೆಗಳನ್ನೆಲ್ಲ ಕಟ್ಟಿ ಮುದ್ರೆ ಒತ್ತಿ ಬದಿಗಿಟ್ಟ ನಂತರವೇ ಚಿಕ್ಕ ಲಕೋಟೆಗಳು ತೆರೆಯುವುದು. ಹೀಗಾಗಿ ಮತ ಯಾರಿಗೆ ಬಿತ್ತೆಂದು ತಿಳಿಯುವ ಹೊತ್ತಿಗೆ, ಹಾಕಿದವರ ಹೆಸರಿರುವ ಕಾಗದ ಮೇಜಿನ ಮೇಲೆಯೇ ಇರುವುದಿಲ್ಲ. ಜಾಣತನದ ಏರ್ಪಾಡು ಎನ್ನಲೇಬೇಕು.

ಆದರೆ ಇದೇ ಜಾಣತನ ಪ್ರಾಮಾಣಿಕ ಮತದಾರನಿಗೆ ಮುಳುವಾಗುತ್ತದೆ. ಒಂದು ಸಹಿ ಮರೆತರೆ, ಒಂದು ಅಂಕಿ ತಪ್ಪಿದರೆ ಒಳ ಲಕೋಟೆಯನ್ನು ತೆರೆಯುವಂತೆಯೇ ಇಲ್ಲ. ಮತ ಅಲ್ಲಿಗೆ ಮುಗಿಯಿತು. ಎಣಿಕೆ ಆರಂಭವಾದ ಮೇಲೆ ಬಂದ ಲಕೋಟೆಯ ಗತಿಯೂ ಅದೇ. ಅಂಚೆ ಮತ ಎಂದೊಡನೆ ಕಳ್ಳ ಮತದ ಮಾತೇ ಹೆಚ್ಚು ಕೇಳುತ್ತದೆ. ನನ್ನ ಮಟ್ಟಿಗೆ ನಮ್ಮ ದೇಶದಲ್ಲಿ ಹೆಚ್ಚು ಚಿಂತಿಸಬೇಕಾದದ್ದು ಹೀಗೆ ಕಳೆದುಹೋಗುವ ಮತಗಳ ಬಗ್ಗೆ.

ಗುಜರಾತಿನ ಧೋಲ್ಕಾ ವಿಧಾನಸಭಾ ಕ್ಷೇತ್ರದಲ್ಲಿ 2017ರಲ್ಲಿ ಬಿಜೆಪಿಯ ಭೂಪೇಂದ್ರಸಿಂಹ ಚುಡಾಸಮಾ ಗೆದ್ದ ಅಂತರ 327. ತಿರಸ್ಕೃತವಾಗಿದ್ದ ಅಂಚೆ ಮತಗಳು 429. ಆ ತಿರಸ್ಕಾರ ಕಾನೂನುಬದ್ಧವಲ್ಲವೆಂದು ಗುಜರಾತ್ ಹೈಕೋರ್ಟ್ 2020ರ ಮೇ ತಿಂಗಳಲ್ಲಿ ಅವರ ಆಯ್ಕೆಯನ್ನೇ ಅಸಿಂಧುಗೊಳಿಸಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ನಮ್ಮಲ್ಲೂ 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ತಡರಾತ್ರಿಯವರೆಗೆ ಎಳೆದಾಡಿತು. ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರನ್ನು ಸೋಲಿಸಿದ್ದು ಬರೀ 16 ಮತಗಳಿಂದ. ಮೊದಲು ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ಪರಿಗಣಿಸಿದ್ದೇ ಜಗಳದ ಮೂಲ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ, ಫಲಿತಾಂಶ ಘೋಷಿಸುವ ಮೊದಲು ಅಷ್ಟನ್ನೂ ಚುನಾವಣಾಧಿಕಾರಿ ಮರುಪರಿಶೀಲಿಸಬೇಕು ಎಂಬ ಚುನಾವಣಾ ಆಯೋಗದ ಸೂಚನೆ ಇರುವುದು ಇಂಥ ಸಂದರ್ಭಗಳಿಗಾಗಿಯೇ.

ಇನ್ನೊಂದು ದುರ್ಬಲ ಜಾಗ, ಮತಪತ್ರ ಮತದಾರನ ಕೈಯಲ್ಲಿರುವ ದಿನಗಳು. ಚುನಾವಣಾ ಕರ್ತವ್ಯದ ಸಿಬ್ಬಂದಿ ಹಿಂದೆ ಅದನ್ನು ಮನೆಗೆ ಒಯ್ದು ಎಣಿಕೆಯ ಹಿಂದಿನ ದಿನದವರೆಗೂ ಇಟ್ಟುಕೊಳ್ಳಬಹುದಿತ್ತು. ಒತ್ತಡ, ಆಮಿಷ ಎರಡಕ್ಕೂ ಅಷ್ಟು ಕಾಲಾವಕಾಶ ಸಾಕು. 2023ರ ತಿದ್ದುಪಡಿಯ ನಂತರ ಅವರು ತಮಗೆಂದೇ ತೆರೆದ ಮತದಾನದ ಜಾಗವಾದ ಸೌಲಭ್ಯ ಕೇಂದ್ರದಲ್ಲೇ ಮತ ಹಾಕಬೇಕು. ಸೈನಿಕರಿಗೆ 2016ರಿಂದ ಮತಪತ್ರ ಅಂತರ್ಜಾಲದ ಮೂಲಕ ತಲುಪುತ್ತದೆ. ಮುದ್ರಿಸಿ, ಗುರುತು ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಒಬ್ಬರ ಹೆಸರಿನಲ್ಲಿ ಎರಡು ಬಂದರೆ ಲಕೋಟೆಯ ಕ್ಯೂಆರ್ ಕೋಡ್ ಹಿಡಿದುಕೊಡುತ್ತದೆ. ಹಿರಿಯರ ಮನೆಗಂತೂ ಮತಗಟ್ಟೆ ಸಿಬ್ಬಂದಿಯೇ ವಿಡಿಯೊ ಚಿತ್ರೀಕರಣದ ಸಮೇತ ಬರುತ್ತಾರೆ, ಅಂಚೆಯಣ್ಣನಿಗೆ ಅಲ್ಲಿ ಕೆಲಸವೇ ಇಲ್ಲ. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಇದು ಮೊದಲು ಜಾರಿಗೆ ಬಂದದ್ದು 2023ರಲ್ಲಿ. ಆಗ ವಯಸ್ಸಿನ ಮಿತಿ 80 ಇತ್ತು.

ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರಿಗೆ ಮಾತ್ರ ಅಂಚೆ ಮತದ ಸೌಲಭ್ಯವಿಲ್ಲ. ಅನಿವಾಸಿ ಭಾರತೀಯರಿಗೂ ಇದನ್ನು ವಿಸ್ತರಿಸಬಹುದೆಂದು ಆಯೋಗ 2020ರಲ್ಲೇ ಸರ್ಕಾರಕ್ಕೆ ತಿಳಿಸಿದ್ದರೂ, 2024ರ ಲೋಕಸಭಾ ಚುನಾವಣೆಯಲ್ಲೂ ಅವರು ಪಾಸ್‌ಪೋರ್ಟ್ ಹಿಡಿದು ತಮ್ಮೂರಿನ ಮತಗಟ್ಟೆಗೇ ಬರಬೇಕಾಯಿತು.