ಎಳೆಗೂಸಿನ ಉಸಿರು, ಆಶ್ರಯ ಮನೆಯ ಗಾಳಿ

ಜುಲೈ ತಿಂಗಳಲ್ಲಿ ಕಾರವಾರ, ಅಂಕೋಲಾ ಕಡೆ ಬಡವರಿಗಾಗಿ ಸರ್ಕಾರದ ನೆರವಿನಲ್ಲಿ ಕಟ್ಟಿದ ಆಶ್ರಯ ಮನೆಗಳಿಗೆ ಹೋದರೆ ಪಡುವಣದ ಕಿಟಕಿಗಳು ಮುಚ್ಚಿರುತ್ತವೆ. ಎರಚಲು ನೇರ ಒಳಗೇ ಹೊಡೆಯುವಾಗ ಇನ್ನೇನು ಮಾಡುತ್ತಾರೆ? ಒಳಗೆ ಹಗ್ಗದ ಮೇಲೆ ಒದ್ದೆ ಬಟ್ಟೆ, ಮೂಲೆಯಲ್ಲಿ ಕಟ್ಟಿಗೆ ಒಲೆ, ಗೋಡೆಗೆ ಬೂಸ್ಟು.

ಬಾಣಂತಿ ಆಸ್ಪತ್ರೆಯಿಂದ ಮಗುವನ್ನು ಕರೆತರುವುದು ಇಲ್ಲಿಗೇ. ಡಾಕ್ಟರು ಈ ಕೋಣೆ ನೋಡಿರುವುದಿಲ್ಲ. ನೋಡುವವರು ಆಶಾ ಕಾರ್ಯಕರ್ತೆ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು ಸಾವಿರ ಜನಕ್ಕೊಬ್ಬರಂತೆ ಆರಿಸಿದ, ಅದೇ ಊರಿನ ಹೆಂಗಸು. ಅವರಿಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ. ಆದರೂ ಮಗು ಹುಟ್ಟಿದ 3, 7, 14, 21, 28, 42ನೇ ದಿನ ಮನೆಗೆ ಬರಬೇಕು.

ಅವರ ಕೆಲಸಗಳಲ್ಲಿ ನನಗೆ ತುಂಬಾ ದೊಡ್ಡದು ಅನಿಸುವುದು ಉಸಿರು ಎಣಿಸುವುದು. ಮಗು ಅಳದೆ ಮಲಗಿರುವಾಗ ಮೆಲ್ಲಗೆ ಬಟ್ಟೆ ಸರಿಸಿ, ಗಡಿಯಾರ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಆಗುವುದಿಲ್ಲ. ಎಳೆಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಸ್ವಲ್ಪ ಹೊತ್ತು ಜೋರು, ಮತ್ತೆ ಕೆಲವು ಸೆಕೆಂಡು ನಿಂತೇ ಹೋದಂತೆ. ಎಣಿಕೆ 60 ಮುಟ್ಟಿದರೆ ಇನ್ನೊಮ್ಮೆ ಎಣಿಸುತ್ತಾರೆ. ಆಗಲೂ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನ್ಯುಮೋನಿಯಾ ಇರಬಹುದು, ನಂಜು ಇರಬಹುದು. ಬೆಳಗಾಗಲಿ ಅನ್ನುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಎಳೆಗೂಸು ಅದರ ಎರಡು ಮೂರು ಪಟ್ಟು. ತನ್ನ ತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ, ಅಂದರೆ ಜಾಸ್ತಿ ಹೊಗೆಯನ್ನೂ. ಕಟ್ಟಿಗೆ ಹೊಗೆಯಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿರುತ್ತವೆ. ಮೂಗಿನಲ್ಲಿ ನಿಲ್ಲದೆ ಅವು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಹೊಗೆ ತುಂಬಿದ ಮನೆಯ ಮಕ್ಕಳಲ್ಲಿ ನ್ಯುಮೋನಿಯಾ ಹೆಚ್ಚು.

ಹಾಗಾಗಿ ಉಸಿರು ಎಣಿಸಿದ ಮೇಲೆ ಒಂದು ಮಾತು ಹೇಳಲೇಬೇಕು: "ಒಲೆ ಉರಿಯುವಾಗ ಮಗುವನ್ನು ಆಚೆ ಕೋಣೆಗೆ ಕರ್ಕೊಂಡು ಹೋಗಿ. ಮಳೆ ಹೊಡೆಯೋದು ಪಡುವಣದಿಂದ ಅಲ್ವಾ, ಮೂಡಣ ಕಿಟಕಿ ತೆಗೆದಿಡಿ." ಆದರೆ ಆಚೆ ಕೋಣೆ ಇರಬೇಕಲ್ಲ! ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ, ಅಡುಗೆ ಜಾಗವೂ ಸೇರಿ, 25 ಚದರ ಮೀಟರ್.

ಕರಾವಳಿಯ ಹಳೇ ಮನೆಗಳಿಗೆ ಇಳಿಬಿಟ್ಟ ಹಂಚಿನ ಮಾಡು ಇರುತ್ತಿತ್ತು. ಜಡಿಮಳೆಯಲ್ಲೂ ಕಿಟಕಿ ತೆಗೆದಿಡಬಹುದಿತ್ತು, ಬಟ್ಟೆ ಜಗಲಿಯಲ್ಲೇ ಆರುತ್ತಿತ್ತು. ತಾರಸಿ ಹಾಕಿದ ಸಣ್ಣ ಮನೆಗೂ ಕಿಟಕಿ ಮೇಲೆ ಅಗಲದ ಸೂರು ಕೊಡುವುದು ಕಷ್ಟವೇನಲ್ಲ. ಮನೆಯ ನಕ್ಷೆ ಬರೆಯುವವರು ಮೊದಲು ಆ ಕೇರಿಯ ಆಶಾ ಕಾರ್ಯಕರ್ತೆಯನ್ನು ಕೇಳಲಿ. ಯಾವ ಕಿಟಕಿ ನಾಲ್ಕು ತಿಂಗಳು ಮುಚ್ಚಿಯೇ ಇರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.